ತಲೆನೋವಿನ ಮಾತ್ರೆಗೆ ತಲೆ ಎಲ್ಲಿದೆಯೆಂದು ಹೇಗೆ ಗೊತ್ತು?

ತುಮಕೂರು ರಸ್ತೆಯ ಮಾಕಳಿಯಿಂದ ನನ್ನ ಬಳಿ ಚಿಕಿತ್ಸೆಗೆ ಬರುವ ಕುಟುಂಬವೊಂದಿದೆ. ಯಜಮಾನರು ಪೀಣ್ಯದಲ್ಲಿ ಟರ್ನರ್. ಮನೆಯಲ್ಲಿ ಎಪ್ಪತ್ತು ದಾಟಿದ ಅವರ ತಾಯಿ, ಹೆಂಡತಿ, ಮೂರನೆಯ ತರಗತಿಯಲ್ಲಿ ಓದುವ ಮಗ. ಅಜ್ಜಿಗೆ ಹಲವು ವರ್ಷಗಳಿಂದ ರಕ್ತದೊತ್ತಡ. ಮಾತ್ರೆ ತಪ್ಪಿಸಿದವರಲ್ಲ, ಹೇಳಿದಂತೆ ಉಪ್ಪು ಕಡಿಮೆ ಮಾಡಿದವರು, ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗುವವರು. ಹೀಗಿರುವಾಗ ಒಂದು ಬೆಳಿಗ್ಗೆ ತಿಂಡಿ ಮುಗಿಸಿ ಮಾತ್ರೆ ತೆಗೆದುಕೊಂಡ ಮುಕ್ಕಾಲು ಗಂಟೆಗೆ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದುಬಿದ್ದರು. ಕರೆತಂದಾಗ ಮೈಯೆಲ್ಲ ತಣ್ಣನೆಯ ಬೆವರು. ಯಾವಾಗಲೂ 140ರ ಆಸುಪಾಸಿನಲ್ಲಿರುತ್ತಿದ್ದ ಮೇಲಿನ ಒತ್ತಡ 80ಕ್ಕೆ ಇಳಿದಿತ್ತು.

"ಮರೆತು ಎರಡು ಮಾತ್ರೆ ನುಂಗಿದರಾ?" ಎಂದು ಸೊಸೆಯನ್ನು ಕೇಳಿದೆ.

"ಇಲ್ಲ ಡಾಕ್ಟ್ರೇ, ಒಂದೇ ಕೊಟ್ಟಿದ್ದು. ನಾಲ್ಕು ದಿನದಿಂದ ಗಂಟಲು ನೋವು, ನುಂಗೋಕೆ ಆಗ್ತಿಲ್ಲ ಅಂದ್ರು ಅತ್ತೆ. ಇವತ್ತು ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ ಬೆಲ್ಲದ ನೀರಲ್ಲಿ ಕಲಸಿ ಕುಡಿಸಿದೆ."

ಕಾರಣ ಅಲ್ಲೇ ಸಿಕ್ಕಿತು. ಆ ಮಾತ್ರೆ ತನ್ನೊಳಗಿನ ಔಷಧಿಯನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವಂತೆ ಮಾಡಿದ್ದು. ಕುಟ್ಟಿ ಪುಡಿ ಮಾಡಿದ್ದರಿಂದ ಇಡೀ ದಿನದ ಔಷಧಿ ಒಂದೇ ಗುಟುಕಿನಲ್ಲಿ ರಕ್ತಕ್ಕೆ ಸೇರಿತ್ತು. ಎರಡು ದಿನ ಮಲಗಿಸಿಕೊಂಡು ನೋಡಿದ ಮೇಲೆ ಅಜ್ಜಿ ಸುಧಾರಿಸಿಕೊಂಡರು; ಮೊಣಕೈ ಊದಿದ್ದು ಬಿಟ್ಟರೆ ಬೇರೆ ಪೆಟ್ಟಾಗಿರಲಿಲ್ಲ. ಬಿದ್ದಾಗ ಸೊಂಟದ ಮೂಳೆ ಮುರಿದಿದ್ದರೆ ಕತೆ ಬೇರೆಯಾಗುತ್ತಿತ್ತು. ಸೊಸೆಯನ್ನು ದೂರುವಂತಿಲ್ಲ. ಚೀಟಿಯಲ್ಲಿ ಮಾತ್ರೆಯ ಹೆಸರಿನ ಪಕ್ಕ ಎರಡು ಇಂಗ್ಲಿಷ್ ಅಕ್ಷರ ಬರೆದಿದ್ದೆನೇ ಹೊರತು, 'ಇದನ್ನು ಪುಡಿ ಮಾಡಬೇಡಿ' ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಅಜ್ಜಿಗೆ ಸಲೈನ್ ಹೋಗುತ್ತಿದ್ದಾಗ ಮಂಚದ ಪಕ್ಕ ನಿಂತಿದ್ದ ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ತಲೆನೋವಿನ ಮಾತ್ರೆ ಹೊಟ್ಟೆಗೆ ತಾನೆ ಹೋಗೋದು? ತಲೆ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?" ದೊಡ್ಡವರು ನಕ್ಕರು. ಆದರೆ ಈ ಪ್ರಶ್ನೆಗೂ ಅಜ್ಜಿ ಬಿದ್ದದ್ದಕ್ಕೂ ಸಂಬಂಧವಿದೆ. ಮಾತ್ರೆ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಕುಟ್ಟಾಣಿ ಹೊರಗೆ ಬರುತ್ತಿರಲಿಲ್ಲ.

ತೇಯುವ ಮಾತ್ರೆ, ಒತ್ತುವ ಮಾತ್ರೆ

ಪುಡಿ ಮಾಡುವ ಅಭ್ಯಾಸ ನಮ್ಮಲ್ಲಿ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಿಲ್ಲ. 'ಮಾತ್ರಾ' ಎಂದರೆ ಅಳತೆ. ಛಂದಸ್ಸಿನ ಪಾಠದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಕಲಿತದ್ದು ನೆನಪಿರಬಹುದು. ಅಳತೆ ಮಾಡಿ ಕೊಡುವ ಔಷಧಿಯೂ ಹಾಗೆಯೇ ಮಾತ್ರೆಯಾಯಿತು. ಹಳೆಯ ಮನೆಗಳಲ್ಲಿ ಕಸ್ತೂರಿ ಮಾತ್ರೆ, ಗೋರೋಜನದ ಮಾತ್ರೆ ಇರುತ್ತಿದ್ದವು. ಅವನ್ನು ಯಾರೂ ನುಂಗುತ್ತಿರಲಿಲ್ಲ. ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲೋ ಜೇನಿನಲ್ಲೋ ಎರಡು ಸುತ್ತು, ಮೂರು ಸುತ್ತು ತೇಯ್ದು ಮಗುವಿನ ನಾಲಿಗೆಗೆ ಸವರುತ್ತಿದ್ದರು. ಎಷ್ಟು ಸುತ್ತು ತೇಯಬೇಕೆಂಬುದೇ ಅಲ್ಲಿ ಅಳತೆ. (ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇಡವೆಂಬುದು ಈಗಿನ ವೈದ್ಯರ ಸಲಹೆ. ಜೇನಿನಲ್ಲಿ ಅಪರೂಪಕ್ಕೆ ಇರುವ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷವನ್ನು ತಯಾರಿಸಬಲ್ಲದು.) ಮಾತ್ರೆ ಎಂದರೆ ತೇಯುವುದು, ಅರೆಯುವುದು ಎಂಬ ಭಾವನೆ ಹೀಗೆ ಕೈಯಿಂದ ಕೈಗೆ ಬಂದಿದೆ.

ಈಗ ನಾವು ನುಂಗುವ ಮಾತ್ರೆಯ ಮೂಲ ಬೇರೆ. ಅದರ ಹಿಂದೆ ಪೆನ್ಸಿಲ್ ಇದೆ! ಇಂಗ್ಲೆಂಡಿನ ವಿಲಿಯಂ ಬ್ರಾಕಡನ್ ಎಂಬ ಚಿತ್ರಕಾರನಿಗೆ ಒಳ್ಳೆಯ ಪೆನ್ಸಿಲ್ ಬೇಕಿತ್ತು. ಗ್ರಾಫೈಟಿನ ಪುಡಿಯನ್ನು ಅಂಟು ಸೇರಿಸದೆ ಬಲವಾಗಿ ಒತ್ತಿದರೆ ಗಟ್ಟಿ ಬಿಲ್ಲೆಯಾಗುತ್ತದೆಂದು ಆತ ಕಂಡುಕೊಂಡ. ಅದೇ ಉಪಾಯದಿಂದ ಔಷಧಿಯ ಪುಡಿಯನ್ನೂ ಅಚ್ಚಿನಲ್ಲಿ ಒತ್ತಬಹುದೆಂದು 1843ರಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಔಷಧಿ ಅಂಗಡಿಯವರು ಕಣಕದಂತೆ ಕಲಸಿ, ಎಳೆ ತೆಗೆದು, ತುಂಡು ಮಾಡಿ ಕೈಯಲ್ಲೇ ಗುಳಿಗೆ ಉರುಳಿಸುತ್ತಿದ್ದರು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ.

ಮಾಕಳಿಯ ಬಸ್ಸಿನಲ್ಲಿ ಓಡಾಡುವವರಿಗೆ ರಸ್ತೆಯ ಪಕ್ಕದ ಹಿಮಾಲಯ ಕಂಪನಿ ಗೊತ್ತೇ ಇದೆ. ಈ ಕಂಪನಿಯೂ ಶುರುವಾದದ್ದು ಕೈಯಿಂದ ಒತ್ತುವ ಒಂದು ಮಾತ್ರೆ ಯಂತ್ರದಿಂದ. 1930ರಲ್ಲಿ ಡೆಹ್ರಾಡೂನಿನಲ್ಲಿ ಮೊಹಮ್ಮದ್ ಮನಾಲ್ ಎಂಬ ತರುಣ ತಾಯಿಯ ಒಡವೆ ಅಡವಿಟ್ಟು ಆ ಯಂತ್ರ ಕೊಂಡರೆಂದು ಕಂಪನಿಯ ಚರಿತ್ರೆ ಹೇಳುತ್ತದೆ. ಮದವೇರಿದ ಆನೆಗಳನ್ನು ಶಾಂತಗೊಳಿಸಲು ಬರ್ಮಾದ ಕಾಡುಗಳಲ್ಲಿ ಒಂದು ಬೇರು ತಿನ್ನಿಸುವುದನ್ನು ಅವರು ನೋಡಿದ್ದರಂತೆ. ಆ ಬೇರು ಸರ್ಪಗಂಧ. ಅದರಿಂದ ಮಾಡಿದ ರಕ್ತದೊತ್ತಡದ ಮಾತ್ರೆ 'ಸರ್ಪಿನಾ' 1934ರಲ್ಲಿ ಮಾರುಕಟ್ಟೆಗೆ ಬಂತು. 1949ರಲ್ಲಿ ಮುಂಬಯಿಯ ಡಾ. ರುಸ್ತಂ ಜಾಲ್ ವಕೀಲ್ ಅವರು ಈ ಬೇರಿನ ಪರಿಣಾಮದ ಬಗ್ಗೆ ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಪ್ರಯೋಗಾಲಯದವರು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದು ಕೆಲವರ ಮನಸ್ಸಿನಲ್ಲಿ ಖಿನ್ನತೆ ತರುತ್ತದೆಂಬ ಕಾರಣಕ್ಕೂ, ಅದಕ್ಕಿಂತ ಉತ್ತಮ ಔಷಧಿಗಳು ಬಂದದ್ದರಿಂದಲೂ ಈಗ ಅದನ್ನು ಬರೆಯುವ ವೈದ್ಯರು ವಿರಳ. 1975ರಲ್ಲಿ ಕಂಪನಿ ಮಾಕಳಿಯಲ್ಲಿ ಕಾರ್ಖಾನೆ ತೆರೆಯಿತು. ಇದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹಿಂದಿರುಗಿದರೆ ಪೀಣ್ಯದಲ್ಲಿ ಸರ್ಕಾರಿ ಸ್ವಾಮ್ಯದ, 1981ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಂಟಿಬಯೋಟಿಕ್ಸ್ ಕಾರ್ಖಾನೆಯಿದೆ. ಒಟ್ಟಿನಲ್ಲಿ ನಮ್ಮ ಅಜ್ಜಿ ಮಾತ್ರೆಗಳ ನಡುವೆಯೇ ವಾಸವಾಗಿದ್ದಾರೆ ಎನ್ನಬಹುದು.

ಮಾತ್ರೆಯೊಳಗೆ ಏನಿದೆ?

ಮಾತ್ರೆಯೆಂದರೆ ಪೂರ್ತಿ ಔಷಧಿ ಎಂದುಕೊಂಡಿದ್ದರೆ ಅದು ತಪ್ಪು. ಥೈರಾಯ್ಡ್ ತೊಂದರೆಗೆ ಕೊಡುವ 50 ಮೈಕ್ರೋಗ್ರಾಂ ಮಾತ್ರೆಯನ್ನು ತೆಗೆದುಕೊಳ್ಳಿ. ಅದರಲ್ಲಿರುವ ಔಷಧಿಯ ತೂಕ ಪುಡಿ ಉಪ್ಪಿನ ಒಂದೇ ಒಂದು ಹರಳಿನಷ್ಟು. ಅಷ್ಟನ್ನು ಕೈಯಲ್ಲಿ ಕೊಟ್ಟರೆ ಹುಡುಕಿ ಬಾಯಿಗೆ ಹಾಕಿಕೊಳ್ಳುವುದಾದರೂ ಹೇಗೆ? ಆದ್ದರಿಂದ ಹಾಲಿನ ಸಕ್ಕರೆ, ಗಂಜಿಹಿಟ್ಟು, ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸ್ ಮುಂತಾದ ನಿರುಪದ್ರವಿ ಪುಡಿಗಳನ್ನು ಸೇರಿಸಿ ಗಾತ್ರ ಹೆಚ್ಚಿಸುತ್ತಾರೆ. ಅಂಟಿಗೆ ಗಂಜಿಯಂಥ ಪದಾರ್ಥ ಹಾಕಿ ಕಲಸಿ, ಜರಡಿಯಲ್ಲಿ ಒತ್ತಿ, ಒಣಗಿಸಿ ರವೆಯಂತೆ ಮಾಡಿಕೊಳ್ಳುತ್ತಾರೆ. ಹಿಟ್ಟಿಗಿಂತ ರವೆ ಸಲೀಸಾಗಿ ಸುರಿಯುತ್ತದೆಂಬುದು ಅಡುಗೆಮನೆಯಲ್ಲಿರುವ ಯಾರಿಗೂ ಗೊತ್ತು. ಹಾಗೆ ಸುರಿದರೆ ಮಾತ್ರ ಪ್ರತಿ ಅಚ್ಚಿಗೂ ಒಂದೇ ತೂಕ ಬೀಳುತ್ತದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರುವಂತೆ ಅಚ್ಚಿಗೆ ಅಂಟದಿರಲು ಮೆಗ್ನೀಸಿಯಂ ಸ್ಟಿಯರೇಟ್ ಎಂಬ ಜಿಡ್ಡಿನ ಪುಡಿಯನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಮೇಲೊಂದು ಕೆಳಗೊಂದು ಉಕ್ಕಿನ ಕಡ್ಡಿ ಬಂದು ಒತ್ತಿದರೆ ಮಾತ್ರೆ ಸಿದ್ಧ. ತಿರುಗುವ ಯಂತ್ರಗಳು ನಿಮಿಷಕ್ಕೆ ಸಾವಿರಾರು ಮಾತ್ರೆ ಉದುರಿಸುತ್ತವೆ.

ಇಲ್ಲೊಂದು ವಿಚಿತ್ರವಿದೆ. ಲಾರಿಯಲ್ಲಿ ಕುಲುಕಾಡಿದರೂ ಪುಡಿಯಾಗದಷ್ಟು ಗಟ್ಟಿಯಾಗಿರಬೇಕಾದ ಮಾತ್ರೆ ಹೊಟ್ಟೆಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳಬೇಕು. ಅದಕ್ಕೆಂದೇ ನೀರು ಕಂಡರೆ ಉಬ್ಬುವ ಒಂದು ಪಿಷ್ಟವನ್ನು ಒಳಗೆ ಹುದುಗಿಸಿರುತ್ತಾರೆ. ಅದು ಉಬ್ಬಿದಾಗ ಮಾತ್ರೆ ಒಳಗಿನಿಂದಲೇ ಸಿಡಿದು ಹರಳುಹರಳಾಗುತ್ತದೆ. ಕಾರ್ಖಾನೆಯಲ್ಲಿ ಇದಕ್ಕೊಂದು ಪರೀಕ್ಷೆಯಿದೆ. ಆರು ಮಾತ್ರೆಗಳನ್ನು ಜಾಲರಿಯ ತಳದ ಗಾಜಿನ ಕೊಳವೆಗಳಲ್ಲಿಟ್ಟು, ನಮ್ಮ ಮೈಯ ಶಾಖದಷ್ಟೇ, ಅಂದರೆ 37 ಡಿಗ್ರಿ ಬಿಸಿಯಿರುವ ನೀರಿನಲ್ಲಿ ಮೇಲೆ ಕೆಳಗೆ ಅದ್ದುತ್ತಾರೆ. ಲೇಪವಿಲ್ಲದ ಸಾಮಾನ್ಯ ಮಾತ್ರೆ 15 ನಿಮಿಷದೊಳಗೆ ಕರಗಿ ಜಾಲರಿಯಿಂದ ಇಳಿದುಹೋಗಬೇಕು.

ನಮ್ಮ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಜಠರ ಮಾತ್ರೆಯನ್ನು ಕಲಕಿ ಬಿಡಿಸುತ್ತದೆ. ಆದರೆ ಔಷಧಿ ರಕ್ತಕ್ಕೆ ಸೇರುವುದು ಬಹುಪಾಲು ಮುಂದಿನ ಸಣ್ಣಕರುಳಿನಲ್ಲಿ. ಸುಮಾರು 6 ಮೀಟರ್ ಉದ್ದದ ಈ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನಂತೆ ಎಳೆಎಳೆಯಾಗಿದ್ದು ನೀರನ್ನೂ ಅದರಲ್ಲಿ ಕರಗಿದ್ದನ್ನೂ ಹೀರಿಕೊಳ್ಳುತ್ತದೆ. ಅಲ್ಲಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವಂತಿಲ್ಲ. ಮೊದಲು ಯಕೃತ್ತಿನ ಮೂಲಕ ಹಾಯಬೇಕು. ತುಮಕೂರು ರಸ್ತೆಯಲ್ಲಿ ಓಡಾಡುವವರಿಗೆ ಟೋಲ್ ಗೇಟು ಹೊಸದಲ್ಲವಷ್ಟೆ? ಯಕೃತ್ತು ಅಂಥದೇ ಒಂದು ಗೇಟು. ಹಲವು ಔಷಧಿಗಳಲ್ಲಿ ಒಂದು ಪಾಲನ್ನು ಅದು ಮುರಿದುಕೊಳ್ಳುತ್ತದೆ. ಕೆಲವು ಔಷಧಿಗಳನ್ನಂತೂ ಬಹುತೇಕ ಪೂರ್ತಿ ಕಿತ್ತುಕೊಂಡುಬಿಡುತ್ತದೆ. ಎದೆನೋವು ಬಂದಾಗ ಹೃದ್ರೋಗಿಗಳು ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಳ್ಳುವುದು ಈ ಗೇಟನ್ನು ತಪ್ಪಿಸಲಿಕ್ಕೇ. ನಾಲಿಗೆಯಡಿಯ ತೆಳುಪೊರೆಯಿಂದ ಔಷಧಿ ನೇರವಾಗಿ ರಕ್ತಕ್ಕಿಳಿದು ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಅದನ್ನು ಅವಸರದಲ್ಲಿ ನುಂಗಿಬಿಟ್ಟರೆ ಬೇಕಾದ ಹೊತ್ತಿಗೆ ಬೇಕಾದಷ್ಟು ಸಿಗುವುದಿಲ್ಲ.

ಈಗ ಹುಡುಗನ ಪ್ರಶ್ನೆ. ತಲೆ ಎಲ್ಲಿದೆಯೆಂದು ಮಾತ್ರೆಗೆ ಗೊತ್ತೇ ಇಲ್ಲ. ದೊಡ್ಡವರ ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತ ನಿಮಿಷಕ್ಕೊಮ್ಮೆ ಇಡೀ ದೇಹವನ್ನು ಸುತ್ತಿ ಬರುತ್ತದೆ. ಔಷಧಿ ಅದರ ಜೊತೆ ತಲೆಗೂ ಹೋಗುತ್ತದೆ, ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ. ನೋವಿರುವ ಕಡೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ ಉತ್ಪತ್ತಿಯಾಗಿ ನರಗಳನ್ನು ಕೆರಳಿಸುತ್ತಿರುತ್ತದೆ. ಆಸ್ಪಿರಿನ್ ಅದರ ಉತ್ಪಾದನೆಯನ್ನೇ ತಡೆಯುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನೋವು ತಲೆಯಲ್ಲಿದ್ದರೆ ಅಲ್ಲಿ ಆರಾಮವೆನಿಸುತ್ತದೆ, ಹಲ್ಲಿನಲ್ಲಿದ್ದರೆ ಅಲ್ಲಿ. ತೊಂದರೆಯೂ ಇಲ್ಲೇ ಇದೆ. ಇದೇ ಪ್ರೋಸ್ಟಾಗ್ಲಾಂಡಿನ್ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಪಾಡುತ್ತದೆ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತದೆ. ಮಾತ್ರೆ ಅಲ್ಲಿಯೂ ಅದನ್ನು ನಿಲ್ಲಿಸುತ್ತದೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದವರ ಹೊಟ್ಟೆಯಲ್ಲಿ ಹುಣ್ಣಾಗುವುದು, ಮೂತ್ರಪಿಂಡ ಕೆಡುವುದು ಈ ಕಾರಣಕ್ಕೆ. ಪ್ಯಾರಸಿಟಮಾಲ್ ಜಠರಕ್ಕೆ ಇಷ್ಟು ಕಾಟ ಕೊಡುವುದಿಲ್ಲ ನಿಜ. ಆದರೆ ಅಳತೆ ಮೀರಿದರೆ ಅದು ಯಕೃತ್ತನ್ನೇ ಕೆಡಿಸುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇರೆ, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ. ಶೀತದ ಹಲವು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುವುದರಿಂದ ಲೆಕ್ಕ ತಪ್ಪುವುದು ಬಹಳ ಸುಲಭ.

ಮೇಲಿನ ಹೊಳಪು ಅಲಂಕಾರಕ್ಕಲ್ಲ

ಮಾತ್ರೆಯ ಮೇಲಿನ ಬಣ್ಣದ ಲೇಪ ಹಲವು ಸಲ ಕಹಿ ಮರೆಸಲಿಕ್ಕೆ, ತೇವ ತಾಗದಿರಲಿಕ್ಕೆ. ಹಿಂದೆ ತಿರುಗುವ ತಾಮ್ರದ ಕೊಪ್ಪರಿಗೆಯಲ್ಲಿ ಸಕ್ಕರೆ ಪಾಕ ಸುರಿದು ಲೇಪಿಸುತ್ತಿದ್ದರು, ಜಾತ್ರೆಯಲ್ಲಿ ಮಾರುವ ಜೀರಿಗೆ ಪೆಪ್ಪರಮೆಂಟಿನ ಹಾಗೆ. ಈಗ ಹೆಚ್ಚಾಗಿ ತೆಳುವಾದ ಪೊರೆ ಸಿಂಪಡಿಸುತ್ತಾರೆ. ಇಂಥ ಲೇಪ ಹೋದರೆ ಬಾಯಿ ಕಹಿಯಾದೀತು, ಅಷ್ಟೆ.

ಎರಡನೆಯ ಬಗೆಯ ಲೇಪಕ್ಕೆ ಜಾಣತನವಿದೆ. ಅದು ಆಮ್ಲದಲ್ಲಿ ಕರಗುವುದಿಲ್ಲ, ಆಮ್ಲ ಕಡಿಮೆಯಾದಲ್ಲಿ ಮಾತ್ರ ಕರಗುತ್ತದೆ. ಪರೀಕ್ಷೆಯಲ್ಲಿ ಇಂಥ ಮಾತ್ರೆ ಎರಡು ಗಂಟೆ ಆಮ್ಲದಲ್ಲಿದ್ದರೂ ಬಿರುಕು ಬಿಡಬಾರದು. ಜಠರ ದಾಟಿ ಕರುಳಿಗೆ ಇಳಿದ ಮೇಲೆಯೇ ಅದು ತೆರೆದುಕೊಳ್ಳುತ್ತದೆ. ಹೊಟ್ಟೆಯುರಿಗೆ ಬೆಳಿಗ್ಗೆ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಈ ಜಾತಿಯವು. ಆಮ್ಲವನ್ನು ಕಡಿಮೆ ಮಾಡುವ ಈ ಔಷಧಿಗಳೇ ಆಮ್ಲ ತಾಗಿದರೆ ನಾಶವಾಗುತ್ತವೆ! ಅಗಿದರೆ, ಪುಡಿ ಮಾಡಿದರೆ ದುಡ್ಡು ದಂಡ. ಹೃದ್ರೋಗಿಗಳ ಕಡಿಮೆ ಪ್ರಮಾಣದ ಆಸ್ಪಿರಿನ್‌ಗೂ ಹಲವು ಸಲ ಇಂಥ ಲೇಪವಿರುತ್ತದೆ. ಅಲ್ಲಿ ಕಾಪಾಡಬೇಕಾದದ್ದು ಔಷಧಿಯನ್ನಲ್ಲ, ಜಠರವನ್ನು. (ಹೃದಯಾಘಾತದ ಅನುಮಾನವಿದ್ದಾಗ ಆಸ್ಪಿರಿನ್ ಅಗಿಯಲು ವೈದ್ಯರು ಹೇಳುವುದುಂಟು. ಅದು ಬೇಗ ರಕ್ತಕ್ಕೆ ಸೇರಲೆಂದು. ಅದು ಬೇರೆ ಸಂದರ್ಭ.)

ಮೂರನೆಯದು ಅಜ್ಜಿಯನ್ನು ಬೀಳಿಸಿದ ಬಗೆ. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಸುತ್ತಲೂ ಲೋಳೆಯ ಪದರ ಕಟ್ಟಿಕೊಳ್ಳುವುದನ್ನು ನೋಡಿದ್ದೀರಲ್ಲ? ನಿಧಾನವಾಗಿ ಬಿಡುವ ಮಾತ್ರೆಗಳಲ್ಲಿ ಅಂಥದೇ ಲೋಳೆಯಾಗುವ ಸೆಲ್ಯುಲೋಸ್ ಇರುತ್ತದೆ. ಔಷಧಿ ಆ ಲೋಳೆಯೊಳಗಿಂದ ಜಿನುಗಿ ಜಿನುಗಿ ಹೊರಬರಬೇಕು. ಇನ್ನು ಕೆಲವು ಮಾತ್ರೆಗಳು ಗಟ್ಟಿ ಚಿಪ್ಪಿನವು. ಸಣ್ಣದೊಂದು ತೂತಿನಿಂದ ಔಷಧಿ ಒಸರುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಹಾಗೆಯೇ ಬೀಳುವುದುಂಟು. "ಮಾತ್ರೆ ಅರಗಲೇ ಇಲ್ಲ ಡಾಕ್ಟ್ರೇ" ಎಂದು ಗಾಬರಿಯಾಗಿ ಬರುವವರಿದ್ದಾರೆ. ಒಳಗಿದ್ದುದೆಲ್ಲ ಖರ್ಚಾಗಿದೆ, ಬಂದದ್ದು ಬರೀ ಚಿಪ್ಪು, ಹೆದರಬೇಕಾಗಿಲ್ಲ.

ಗುರುತು ಹಿಡಿಯುವುದು ಹೇಗೆ? ಪಟ್ಟಿಯ ಮೇಲೆ ಹೆಸರಿನ ಮುಂದೆ ಎಸ್.ಆರ್., ಎಕ್ಸ್.ಎಲ್., ಎಕ್ಸ್.ಆರ್., ಸಿ.ಆರ್., ಇ.ಆರ್. ಎಂಬ ಅಕ್ಷರಗಳಿದ್ದರೆ, ಅಥವಾ 'ರಿಟಾರ್ಡ್' ಎಂದಿದ್ದರೆ, ಅದು ನಿಧಾನದ ಮಾತ್ರೆ. ರಕ್ತದೊತ್ತಡದ ನಿಫೆಡಿಪಿನ್, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮತ್ತು ಗ್ಲಿಪಿಜೈಡ್, ಉಬ್ಬಸದ ಥಿಯೋಫಿಲಿನ್, ಇವೆಲ್ಲ ಈ ರೂಪದಲ್ಲಿ ಸಿಗುತ್ತವೆ. ಇವುಗಳನ್ನು ಕುಟ್ಟುವಂತಿಲ್ಲ, ಅಗಿಯುವಂತಿಲ್ಲ. ನಡುವೆ ಗೀರು ಇರುವ ಕೆಲವನ್ನು ಮಾತ್ರ ಎರಡು ಹೋಳು ಮಾಡಬಹುದು. ಗೀರಿಲ್ಲದ ಮಾತ್ರೆಯನ್ನು ಕತ್ತಿಯಲ್ಲಿ ಕತ್ತರಿಸಿ 'ಅರ್ಧ' ಎಂದುಕೊಳ್ಳುವುದು ಅಂದಾಜಿನ ಮಾತು. ಔಷಧಿ ಅಂಗಡಿಯಲ್ಲಿ "ಇದನ್ನು ಮುರಿಯಬಹುದಾ?" ಎಂದು ಕೇಳಲು ಸಂಕೋಚಪಡಬೇಡಿ.

ನುಂಗಲು ಆಗದಿದ್ದರೆ?

ನುಂಗಲಾಗದವರಿಗೆ ದಾರಿಯಿಲ್ಲವೆಂದಲ್ಲ. ಅದೇ ಔಷಧಿ ದ್ರವರೂಪದಲ್ಲಿ ಸಿಗಬಹುದು, ನೀರಿನಲ್ಲಿ ಕದಡುವ ಮಾತ್ರೆಯಾಗಿ ಸಿಗಬಹುದು. ಭೇದಿಯಾದ ಮಕ್ಕಳಿಗೆ ಓ.ಆರ್.ಎಸ್. ಜೊತೆ ಕೊಡುವ ಸತುವಿನ ಮಾತ್ರೆ ಅಂಥದು. ಇಲ್ಲವೇ ಪುಡಿ ಮಾಡಿದರೂ ಅಡ್ಡಿಯಿಲ್ಲದ ಬೇರೆ ಔಷಧಿ ಬರೆಯಬಹುದು. ಅಜ್ಜಿಗೆ ನಾನು ಮಾಡಿದ್ದು ಇದನ್ನೇ. ಆದರೆ ಇದನ್ನು ವೈದ್ಯರು ಮಾಡಬೇಕಾದರೆ ನುಂಗಲು ಕಷ್ಟವೆಂಬ ಸಂಗತಿ ಅವರಿಗೆ ತಿಳಿಯಬೇಕು. ವಯಸ್ಸಾದವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ; ನಾವೂ ಕೇಳುವುದಿಲ್ಲ. ನುಂಗುವ ತೊಂದರೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಅನ್ನವೂ ಸಿಕ್ಕಿಕೊಳ್ಳುತ್ತಿದ್ದರೆ, ಅದು ಬೇರೆಯೇ ಕಾಯಿಲೆಯ ಸೂಚನೆ ಇರಬಹುದು. ತಡ ಮಾಡದೆ ತೋರಿಸಬೇಕು.

ಬಹಳ ಮಂದಿ ಮಾತ್ರೆ ಬಾಯಿಗೆ ಹಾಕಿಕೊಂಡು ತಲೆಯನ್ನು ಹಿಂದಕ್ಕೆ ಎತ್ತುತ್ತಾರೆ. ಕ್ಯಾಪ್ಸೂಲ್ ವಿಷಯದಲ್ಲಿ ಇದು ತಿರುಗುಮುರುಗು. ಕ್ಯಾಪ್ಸೂಲ್ ನೀರಿಗಿಂತ ಹಗುರ, ತೇಲುತ್ತದೆ. ತಲೆ ಹಿಂದಕ್ಕೆ ಎತ್ತಿದರೆ ತೇಲಿ ಹಲ್ಲಿನ ಕಡೆಗೆ ಬರುತ್ತದೆ. ಬಾಯಲ್ಲಿ ನೀರು ತುಂಬಿಕೊಂಡು ಗಲ್ಲವನ್ನು ಎದೆಯ ಕಡೆ ಬಾಗಿಸಿ ನುಂಗಿ ನೋಡಿ; ಗಂಟಲ ಕಡೆಗೆ ತೇಲಿ ತಾನಾಗಿ ಇಳಿಯುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ಉಪಾಯದಿಂದ ಹೆಚ್ಚಿನವರಿಗೆ ಅನುಕೂಲವಾಗಿತ್ತು.

ನೀರು ಒಂದು ಗುಟುಕು ಸಾಲದು, ಒಂದು ಲೋಟ ಬೇಕು. ಗಂಟಲಿನಿಂದ ಜಠರಕ್ಕೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ. ರಾತ್ರಿ ದೀಪ ಆರಿಸಿದ ಮೇಲೆ ನೆನಪಾಗಿ, ಒಂದು ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗಿದರೆ ಮಾತ್ರೆ ಅದರ ಗೋಡೆಗೆ ಅಂಟಿಕೊಂಡು ಅಲ್ಲೇ ಕರಗುತ್ತದೆ. ಡಾಕ್ಸಿಸೈಕ್ಲಿನ್, ಕಬ್ಬಿಣದ ಮಾತ್ರೆ, ನೋವಿನ ಮಾತ್ರೆಗಳು ಹೀಗೆ ಹುಣ್ಣು ಮಾಡುತ್ತವೆ. ಬೆಳಿಗ್ಗೆ ಎದ್ದಾಗ ಎದೆಯ ನಡುವೆ ಚಳುಕು, ಎಂಜಲು ನುಂಗಿದರೂ ನೋವು. ಹೃದಯಾಘಾತವೆಂದೇ ಭಯಪಟ್ಟು ಬರುತ್ತಾರೆ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ನುಂಗಿದ ಮೇಲೆ ಅರ್ಧ ಗಂಟೆ ಮಲಗಲೇಬಾರದೆಂಬುದು ಕಟ್ಟುನಿಟ್ಟಾದ ನಿಯಮ. ಜಠರಕ್ಕೆ ಇಳಿದ ಮೇಲಿನ ಮಾತು ಬೇರೆ: ಬಲಮಗ್ಗುಲಾಗಿ ಮಲಗಿದರೆ ಮಾತ್ರೆ ಜಠರದ ಬಾಗಿಲ ಬಳಿ ಸೇರಿ ಬೇಗ ಕರುಳಿಗೆ ಹೋಗುತ್ತದೆ, ಎಡಮಗ್ಗುಲಾದರೆ ಬಹಳ ತಡವಾಗುತ್ತದೆ ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕುತೂಹಲಕ್ಕೆ ಚೆನ್ನಾಗಿದೆ. ಅದಕ್ಕಾಗಿ ಮಾತ್ರೆ ನುಂಗಿ ಹಾಸಿಗೆ ಹಾಸಬೇಕಾಗಿಲ್ಲ.

ಯಾವುದರ ಜೊತೆ ನುಂಗುತ್ತೀರಿ ಎಂಬುದೂ ಮುಖ್ಯ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ತೆಗೆದುಕೊಂಡರೆ ಒಂದು ಪಾಲು ಕರುಳಿನಲ್ಲೇ ಉಳಿದುಹೋಗುತ್ತದೆ. ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ ಕುಡಿಯಬೇಕು. ನಮ್ಮ ಮನೆಗಳಲ್ಲಿ ಇದು ದೊಡ್ಡ ತ್ಯಾಗವೆಂದು ನನಗೂ ಗೊತ್ತು! ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ, ಬಸುರಿಯರಿಗೆ ಕೊಡುವ ಕೆಂಪು ಮಾತ್ರೆ ಕಬ್ಬಿಣಾಂಶದವು. ಕಾಫಿ, ಚಹಾಗಳಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಹೆಚ್ಚು ಸೇರುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದ ಬಣ್ಣ. ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್‌ಗಳಿಗೆ ಹಾಲು ಆಗದು. ಹಾಲಿನ ಸುಣ್ಣದಂಶ ಅವುಗಳನ್ನು ಕಟ್ಟಿಹಾಕುತ್ತದೆ. 'ಉಷ್ಣವಾಗುತ್ತದೆ' ಎಂದು ಆಂಟಿಬಯೋಟಿಕ್ ಜೊತೆ ಹಾಲು ಕುಡಿಸುವ ತಾಯಂದಿರು ಇದನ್ನು ಗಮನಿಸಬೇಕು.

ಮಾತ್ರೆಗಳನ್ನು ಇಡುವ ಜಾಗದ ಬಗ್ಗೆಯೂ ಹೇಳಬೇಕು. ಬಚ್ಚಲುಮನೆಯ ಕನ್ನಡಿ ಕಪಾಟು, ಒಲೆಯ ಮೇಲಿನ ಗೂಡು, ಫ್ರಿಜ್ಜಿನ ತಲೆ, ಈ ಮೂರೂ ಬಿಸಿ ಅಥವಾ ತೇವ ಇರುವ ಸ್ಥಳಗಳು. ತೇವ ತಾಗಿದರೆ ಏನಾಗುತ್ತದೆಂಬುದನ್ನು ಆಸ್ಪಿರಿನ್ ವಾಸನೆಯಿಂದಲೇ ತಿಳಿಸುತ್ತದೆ: ಹಳೆಯ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಮಾತ್ರೆ ಒಡೆದು ಅಸಿಟಿಕ್ ಆಮ್ಲವಾಗುತ್ತಿದೆ ಎಂದರ್ಥ. ಅದನ್ನು ಎಸೆಯಿರಿ. ಮಲಗುವ ಕೋಣೆಯ ಬೀರುವಿನ ಮೇಲಿನ ಅರೆ ಉತ್ತಮ ಜಾಗ. ಮಕ್ಕಳ ಕೈಗೂ ಎಟುಕುವುದಿಲ್ಲ. ಅಮ್ಮನ ಕೆಂಪು ಕಬ್ಬಿಣದ ಮಾತ್ರೆ ಎರಡು ವರ್ಷದ ಮಗುವಿನ ಕಣ್ಣಿಗೆ ಪೆಪ್ಪರಮೆಂಟಿನಂತೆಯೇ ಕಾಣುತ್ತದೆ. ಹಲವನ್ನು ಒಟ್ಟಿಗೆ ತಿಂದರೆ ಜೀವಕ್ಕೇ ಅಪಾಯ. ಮಗು ತಿಂದಿದೆಯೆಂಬ ಅನುಮಾನ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ, ಖಾಲಿ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಪಟ್ಟಿಯ ಉದ್ದಕ್ಕೂ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಔಷಧಿ. ಆಂಟಿಬಯೋಟಿಕ್‌ಗಳನ್ನು ಮನಸ್ಸಿಗೆ ಬಂದಂತೆ ನುಂಗುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಗೆರೆಯ ಬಗ್ಗೆ ಪ್ರಚಾರ ಕೈಗೊಂಡಿತ್ತು. ಆದರೆ ಹತ್ತರ ಪಟ್ಟಿಯಲ್ಲಿ "ನಾಲ್ಕು ಕೊಡಿ" ಎಂದಾಗ ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ. ನಿಮ್ಮ ಪಾಲಿಗೆ ಬಂದ ತುಂಡಿನಲ್ಲಿ ಔಷಧಿಯ ಹೆಸರು ಅರ್ಧ, ಅವಧಿ ಮುಗಿಯುವ ತಿಂಗಳು ಇರುವುದೇ ಇಲ್ಲ, ಎಸ್.ಆರ್. ಎಂಬ ಅಕ್ಷರ ಯಾರದೋ ಮನೆಗೆ ಹೋಗಿರುತ್ತದೆ. ಅಂಥ ತುಂಡು ಕೊಟ್ಟರೆ ಹೆಸರು, ತಿಂಗಳು, ವರ್ಷಗಳನ್ನು ಪೊಟ್ಟಣದ ಮೇಲೆ ಅಲ್ಲಿಯೇ ಬರೆಸಿಕೊಳ್ಳಿ. ಮನೆಯಲ್ಲಿ ಪೂರ್ತಿ ಪಟ್ಟಿ ಇದ್ದರೆ, ದಿನಾಂಕ ಅಚ್ಚಾಗಿರುವ ತುದಿಯನ್ನು ಕೊನೆಯವರೆಗೂ ಹಾಗೆಯೇ ಉಳಿಸಿಕೊಂಡು, ಇನ್ನೊಂದು ತುದಿಯಿಂದ ಒಂದೊಂದಾಗಿ ಬಿಡಿಸಿಕೊಳ್ಳುತ್ತ ಬನ್ನಿ.